ಲೈನ್ ಕ್ಲಿಯರ್

ಸರ್ಜರಿ ವಾರ್ಡಿನಿಂದ ಕರೆ ಬಂತು:
ಇಪ್ಪತ್ತೆರಡನೇ ಮಂಚ, ಕಾಲು ತೆಗೆಯಲು ಒಪ್ಪುತ್ತಿಲ್ಲ,
ಬುದ್ಧಿ ಸ್ಥಿಮಿತದಲ್ಲಿದೆಯೇ ನೋಡಿ ಬರೆದುಕೊಡಿ.

ಹೆಸರು ಕೇಳಿದೆ. ಹುಚ್ಚರಾಯಪ್ಪ, ಅಂದರು.
ಶಿಕಾರಿಪುರದ ಕಡೆ ಮನೆಗೊಬ್ರು ಇರ್ತೀವಿ, ಹನುಮಪ್ಪನ ಹೆಸರು.
ಅದನ್ನ ನೋಡೇ ನಿಮ್ಮನ್ನ ಕಳಿಸಿದ್ರಾ ಹೇಗೆ?
ಪಕ್ಕದ ಮಂಚದವನು ನಕ್ಕ. ನಾನೂ.
ನಗಬಾರದಿತ್ತೇನೋ.

ಇವತ್ತು ಯಾವ ವಾರ? ಗುರುವಾರ.
ಸರಿ ಎಂದು ಗುರುತು ಹಾಕಿದೆ.
ಆಮೇಲೆ ಫೋನ್ ನೋಡಿದರೆ ಶುಕ್ರವಾರ.
ಮೂವತ್ತು ತಾಸಿನ ಡ್ಯೂಟಿ ನನ್ನದು, ಹನ್ನೊಂದು ದಿನದ ಮಂಚ ಅವರದು,
ಒಂದೇ ದಿನವನ್ನು ಇಬ್ಬರೂ ಕಳೆದುಕೊಂಡಿದ್ದೆವು.
ಗುರುತು ಅಳಿಸಲಿಲ್ಲ.

ನೂರರಲ್ಲಿ ಏಳು ಕಳೆಯಿರಿ. ತೊಂಬತ್ಮೂರು.
ಇನ್ನೊಂದು ಏಳು. ಎಂಬತ್ತಾರು. ಮತ್ತೊಂದು?
ಬರೀ ಕಳೆಯೋದೇ ಆಯ್ತಲ್ಲಮ್ಮ.
ಮೊದ್ಲು ಹೆಬ್ಬೆರಳು, ಆಮೇಲೆ ಪಾದ ಅಂದ್ರಿ, ಈಗ ಮೊಣಕಾಲ ಮೇಲೆ.
ಎಲ್ಲಿಗೆ ನಿಲ್ಲಿಸ್ತೀರಿ, ಅದನ್ನ ಹೇಳಿ.

ಸರ್ಜನ್ ಹೇಳಿದ್ದನ್ನು ನಿಮ್ಮ ಮಾತಲ್ಲಿ ಹೇಳಿ, ಅಂದೆ.
ಸಕ್ಕರೆ ಕಾಯಿಲೆ. ಕಾಲಿನ ಫ್ಯೂಸ್ ಹೋಗಿದೆ. ಕೊಳೆಯೋದು ಮೇಲೆ ಹತ್ತುತಾ ಇದೆ.
ತೆಗೆದ್ರೆ ಉಳೀಬಹುದು, ಗ್ಯಾರಂಟಿ ಇಲ್ಲ, ಎದೆ ವೀಕು.
ತೆಗೀದಿದ್ರೆ ಮೂರು ವಾರ, ಹೆಚ್ಚಂದ್ರೆ ಆರು.
ನನಗೇ ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ.

ಮೂವತ್ನಾಲ್ಕು ವರ್ಷ ಕೆಇಬಿ, ಅಂದರು.
ಕಂಬ ಹತ್ತೋ ಮುಂಚೆ ಸ್ಟೇಷನ್ನಿಗೆ ಫೋನು, ಲೈನ್ ಕ್ಲಿಯರ್ ಕೊಡಿ ಅಂತ.
ಅವರು ನಂಬರ್ ಹೇಳ್ಬೇಕು, ನಾವು ತಿರುಗಿ ಹೇಳ್ಬೇಕು, ಇಬ್ರೂ ಬರ್ಕೋಬೇಕು.
ತೀರ್ಥಹಳ್ಳಿ ಕಡೆ ಒಂದ್ಸಲ, ಅವಸರದಲ್ಲಿ ಯಾರೋ ಹೂಂ ಅಂದ್ಬಿಟ್ರು.
ಪುಟ್ಟನಾಯ್ಕ ಇನ್ನೂ ಮೇಲಿದ್ದ.
ಮುಂದೆ ಹೇಳಲಿಲ್ಲ. ನಾನು ಕೇಳಲಿಲ್ಲ.

ಹೆಬ್ಬೆರಳಿಗೆ ಇವರು ಹೂಂ ಅಂದ ದಿನ
ಯಾರೂ ವಾರ ಕೇಳಿರಲಿಲ್ಲ, ಏಳು ಕಳೆಸಿರಲಿಲ್ಲ.
ಇಲ್ಲಿ, ಇಲ್ಲಿ, ಇಲ್ಲಿ ಅಂದರಂತೆ. ಸಹಿ ಹಾಕಿದರಂತೆ.
ಊಹೂಂ ಅಂದ ಮೇಲೆ ತಾನೇ
ನನ್ನನ್ನು ಕರೆದದ್ದು.

ಕಾರಿಡಾರಿನಲ್ಲಿ ಬಸವಣ್ಯೆಮ್ಮ ನನ್ನ ಕೋಟು ಹಿಡಿದರು.
ರಾತ್ರಿ ಅವರೇ ಅಂದ್ರಮ್ಮ, ಕಟ್ ಮಾಡ್ರಿ, ಬೇಗ ಕಟ್ ಮಾಡ್ರಿ ಅಂತ,
ನನ್ನ ಕೈ ಹಿಡ್ಕೊಂಡು ಅಂದ್ರು. ಅದನ್ನ ಬರೀರಿ.
ರಾತ್ರಿ ಜ್ವರ ನೂರಾ ಮೂರು.
ಫ್ಯಾನಿನ ಕಡೆ ನೋಡಿ ಯಾರನ್ನೋ ಇಳಿ ಇಳಿ ಅನ್ನುತ್ತಿದ್ದರು,
ನರ್ಸ್ ಬರೆದಿಟ್ಟಿದ್ದಾರೆ.
ಕಟ್ ಮಾಡಬೇಕಾದದ್ದು ಕಾಲೋ, ಕರೆಂಟೋ.

ಬುದ್ಧಿ ನೆಟ್ಟಗಿರೋರು ಸಾಯ್ತೀನಿ ಅಂತಾರಾ? ಕೇಳಿದರು ಆಕೆ.
ನಾಲ್ಕು ವರ್ಷ ಇದನ್ನೇ ಓದಿದ್ದೇನೆ. ಉತ್ತರ ಬರಲಿಲ್ಲ.

ಬರೆದೆ: ಅರ್ಥವಾಗುತ್ತದೆ. ನೆನಪಿಟ್ಟುಕೊಳ್ಳುತ್ತಾರೆ. ತೂಗಿ ನೋಡಬಲ್ಲರು.
ನಿರ್ಧರಿಸುವ ಶಕ್ತಿ ಇದೆ,
ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ. ನಾಳೆ ಮತ್ತೆ ನೋಡಬೇಕು.

ಓದಿ ಹೇಳಿ, ಅಂದರು.
ಕಣ್ಣು ಮುಚ್ಚಿ ಕೇಳಿಸಿಕೊಂಡರು.
ಲೈನ್‌ಮ್ಯಾನ್ ಅಲ್ಲ. ರಿಟೈರಾಗೋವಾಗ ಮೆಕ್ಯಾನಿಕ್ ಗ್ರೇಡ್ ಟು.
ತಿದ್ದಿ.

ತಿದ್ದಿದೆ.
ಬಸವಣ್ಯೆಮ್ಮ ಫ್ಲಾಸ್ಕ್ ತೊಳೆಯಲು ನಲ್ಲಿಯ ಹತ್ತಿರ ಹೋಗಿದ್ದರು.