ನಾಲ್ಕು ಬೆರಳು

ಅರುಳಪ್ಪ ಸರ್ ರಿಟೈರಾದ ಮರುತಿಂಗಳು
ಕಾಲೇಜಿನಿಂದ ಫೋನು:
ಹೊಸ ಗಾಜಿನ ಬೋರ್ಡು ಬಂದಿದೆ,
ಹಳೆಯ ರಿಂಗು ಕತ್ತರಿಸಿ ಕೊಡಬೇಕು, ಎಷ್ಟಾಗುತ್ತೆ?
ಹಳೇ ವಿದ್ಯಾರ್ಥಿ ಅಂತ ಕಡಿಮೆ ಹೇಳಿದೆ.
ಹನ್ನೆರಡನೇ ನಂಬರಿನ ಬನಿಯನ್ನು ನನ್ನದು,
ಮೂರು ವರ್ಷ ಸರ್ ಪಕ್ಕದಲ್ಲಿ ಬೆಂಚು ಬಿಸಿ ಮಾಡಿ
ಅವರು ಉಗುರು ಕಡಿಯುವುದನ್ನು ಎಣಿಸಿದವನು.

ಭದ್ರಾವತಿಯಲ್ಲಿ ನಾವು ಸೋತದ್ದೇ ಇಲ್ಲ.
ಮೂವತ್ತಮೂರು ವರ್ಷದಲ್ಲಿ
ನಮ್ಮ ಅಂಗಳಕ್ಕೆ ಬಂದ ಟೂರ್ನಿ ಒಂಬತ್ತು, ಕಪ್ಪು ಒಂಬತ್ತು.
ಶಿವಮೊಗ್ಗದವರು ಎಸೆದರೆ ಚೆಂಡು
ರಿಂಗಿನ ಮೂತಿಗೆ ಬಡಿದು ವಾಪಸು.
ದಾವಣಗೆರೆಯ ಆ ಉದ್ದನೆಯ ಹುಡುಗ
ಹದಿನಾಲ್ಕು ಸಲ ಎಸೆದು
ಕೊನೆಗೆ ತನ್ನ ಅಂಗೈಯನ್ನೇ ನೋಡಿಕೊಂಡು ನಿಂತ.
ನಾವು ನಕ್ಕೆವು.
ಸರ್ ನಗಲಿಲ್ಲ.

ಹೊರಗೆ ಹೋದರೆ ಕಥೆಯೇ ಬೇರೆ.
ಸಾಗರ, ಚಿತ್ರದುರ್ಗ, ಚಿಕ್ಕಮಗಳೂರು, ಎಲ್ಲೇ ಆಗಲಿ
ಚೆಂಡು ರಿಂಗು ದಾಟಿ ಹಲಗೆಗೆ ಡಬ್ ಎಂದು
ಹಲಗೆಯಿಂದ ನೇರ ಎದುರಾಳಿಯ ಕೈಗೆ.
ನೀರಿನ ದೋಷ ಅಂದರು,
ರಾತ್ರಿ ಬಸ್ಸಿನ ನಿದ್ದೆಗೇಡು ಅಂದರು,
ಕಾರ್ಖಾನೆ ಮಕ್ಕಳಿಗೆ ತಾಕತ್ತು ಜಾಸ್ತಿ, ನಾಜೂಕು ಕಡಿಮೆ
ಅಂತ ಪ್ರಿನ್ಸಿಪಾಲರು ಭಾಷಣದಲ್ಲೇ ಅಂದರು.

ಬಸ್ಸು ಇಳಿಯುವಾಗ ಸರ್ ಬಾಗಿಲಲ್ಲಿ ನಿಂತು
ಒಬ್ಬೊಬ್ಬರ ಭುಜ ಮುಟ್ಟಿ ಹೇಳುತ್ತಿದ್ದುದು ಒಂದೇ ಮಾತು:
"ಪರವೂರು ಕಣ್ರೋ. ತುಸು ತಗ್ಗಿಸಿಕೊಳ್ಳಿ."

ನಾನದನ್ನು ನೀತಿ ಅಂದುಕೊಂಡೆ.
ಕಡೂರಿಗೆ ಹೆಣ್ಣು ನೋಡಲು ಹೋದಾಗ ದನಿ ತಗ್ಗಿಸಿದೆ,
ಬ್ಯಾಂಕಿನ ಮ್ಯಾನೇಜರ ಮುಂದೆ ತಲೆ,
ಟೆಂಡರು ಹಾಕಿದಲ್ಲೆಲ್ಲ ರೇಟು ತಗ್ಗಿಸಿ ತಗ್ಗಿಸಿ
ಎರಡು ವರ್ಷ ಕೈಯಿಂದ ಹಾಕಿ ಊರಿಗೆಲ್ಲ ಗೇಟು ಮಾಡಿಕೊಟ್ಟೆ.

ಆವತ್ತು ಏಣಿ ಹತ್ತಿ, ಕಟರ್ ಹಚ್ಚುವ ಮೊದಲು
ಅಭ್ಯಾಸಬಲ, ಟೇಪು ಇಳಿಬಿಟ್ಟೆ.
ಹತ್ತಡಿ ಇರಬೇಕಾದದ್ದು
ಹತ್ತಡಿ, ಮೇಲೆ ನಾಲ್ಕು ಬೆರಳು.
ಹುಡುಗನನ್ನು ಕರೆದು ಕೆಳತುದಿ ಒತ್ತಿ ಹಿಡಿಸಿದೆ.
ನಾಲ್ಕು ಬೆರಳು.
ಆಚೆ ಕಂಬಕ್ಕೂ ಏಣಿ ಸಾಗಿಸಿದೆ. ಅಲ್ಲೂ.

ಜನ್ನಾಪುರದ ಮನೆಯಲ್ಲಿ ಸರ್
ಸೈಕಲ್ಲು ತಲೆಕೆಳಗು ಮಾಡಿ ಚೈನಿಗೆ ಎಣ್ಣೆ ಬಿಡುತ್ತಿದ್ದರು.
ಕೇಳಿದೆ. ಬೆರಳು ಒಂದೊಂದಾಗಿ ಒರೆಸಿಕೊಂಡರು.
"ಕೆಲಸಕ್ಕೆ ಸೇರಿದ ಮೊದಲನೇ ವಾರ.
ವೆಲ್ಡರ್ ಮುನಿವೇಲು ಶಿಫ್ಟು ಮುಗಿಸಿ ಬಂದಿದ್ದ.
ಸಾಕಾ ಸಾರ್, ಅಂದ. ಟೇಪು ಇರಲಿಲ್ಲ.
ಇಪ್ಪತ್ತೇಳು ವಯಸ್ಸು ನನಗೆ.
ಕೆಳಗೆ ನಿಂತು, ಇನ್ನೂ ಸ್ವಲ್ಪ ಮೇಲೆ, ಅಂದೆ."

ಯಾವಾಗ ಗೊತ್ತಾಯ್ತು ಸರ್?
"ಹನ್ನೊಂದನೇ ವರ್ಷ."
ಇಳಿಸಬಹುದಿತ್ತಲ್ಲ.
ಚಕ್ರವನ್ನು ಒಮ್ಮೆ ತಿರುಗಿಸಿ
ಅದು ತಾನಾಗಿ ನಿಲ್ಲುವ ತನಕ ನೋಡಿದರು.
"ಇಳಿಸಿದರೆ ಕಪ್ಪು ಯಾರಿಗೆ ವಾಪಸು ಕೊಡೋದು, ಮಾರಾಯ?
ಹೊರಗೆ ಸೋತ ಹುಡುಗರಿಗೆ ಏನಂತ ಕಾಗದ ಬರೆಯೋದು?"
ಆಮೇಲೆ, ಗೇಟಿನ ತನಕ ಬಂದು, ಸಣ್ಣಗೆ:
"ಹೇಳ್ತಿದ್ದೆನಲ್ಲ. ಬಸ್ಸಿಂದ ಇಳಿಯುವಾಗ."

ದಾರಿಯಲ್ಲಿ ಬೈಕು ನಿಲ್ಲಿಸಿ ಎಣಿಸಿದೆ.
ನಮ್ಮದು ಹದಿನಾಲ್ಕನೇ ವರ್ಷ.
ಚಿಕ್ಕಮಗಳೂರಿನ ಫೈನಲ್ಲು, ಒಂದೇ ಅಂಕ,
ಜಬೀವುಲ್ಲಾ ಗೆರೆಯ ಮೇಲೆ ನಿಂತು
ಎರಡು ಎಸೆದ. ಎರಡೂ ಉದ್ದ ಹೋದವು.
ಪಕ್ಕದಲ್ಲಿ ಸರ್ ಉಗುರು ಬಿಟ್ಟು
ಬೆರಳನ್ನೇ ಕಚ್ಚಿ ಹಿಡಿದಿದ್ದರು.

ಹೊಸ ರಿಂಗು ಮೂರು ಸಲ ಅಳೆದು ಕೂರಿಸಿದೆ. ಹತ್ತಡಿ.
ಹುಡುಗಿಯರ ಟೀಮು ಕಾಯುತ್ತಿತ್ತು,
ಒಂದು ಎಸೀರಿ ಅಂಕಲ್, ಅಂದರು.
ಎಸೆದೆ. ಗಾಜಿಗೆ ಬಡಿದು, ನನ್ನ ತಲೆ ದಾಟಿ, ಚರಂಡಿಗೆ.
ಮೂವತ್ತೊಂಬತ್ತು ವರ್ಷದ ಈ ಕೈ
ಮುನಿವೇಲು ಬೆಸೆದ ಎತ್ತರವನ್ನೇ ಹಿಡಿದು ಕೂತಿದೆ.

ಬಾಕಿ ದುಡ್ಡು ಮಾರ್ಚಿಗೆ ಬರುತ್ತದಂತೆ.
ಹಳೆಯ ರಿಂಗೆರಡೂ ಶೆಡ್ಡಿನಲ್ಲಿವೆ, ಗುಜರಿಗೆ ಹಾಕಿಲ್ಲ.
ಜಬೀವುಲ್ಲಾ ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಅಂಗಡಿ ಇಟ್ಟಿದ್ದಾನೆ.
ದಿನಾ ಆ ಕಡೆಯೇ ಹಾಯುತ್ತೇನೆ.
ಹಾರ್ನು ಹೊಡೆದರೆ ಕೈ ಎತ್ತುತ್ತಾನೆ.
ಇನ್ನೂ ಹೇಳಿಲ್ಲ.