ಕೊಂಚ ನಿಧಾನ

ಅಸ್ಮರಾದಿಂದ ಆಲ್‌ಬೋರ್ಗ್‌ಗೆ ಬಂದು
ಈ ವೃದ್ಧಾಶ್ರಮದಲ್ಲಿ ಮೊದಲು ಕಲಿತದ್ದು ಒಂದೇ ವಾಕ್ಯ:
"ಕ್ಷಮಿಸಿ, ಕೊಂಚ ನಿಧಾನ ಮಾತಾಡ್ತೀರಾ?"
ಎಷ್ಟು ಸಲೀಸಾಗಿ ಅಂದೆನೆಂದರೆ
ಬಲ್ಲವಳೆಂದುಕೊಂಡು ಎಲ್ಲರೂ
ಇನ್ನಷ್ಟು ವೇಗ ಹಿಡಿದರು.

ಬ್ರೆಡ್ಡಿಗೆ ಇವರನ್ನುವ ಮಾತಿನ ಕೊನೆಯಕ್ಷರ
ನಾಲಗೆ ಮೇಲಿನ ಬೆಣ್ಣೆ.
ಹಿಡಿಯಹೋದರೆ ಬಾಯಿ ಖಾಲಿ.

ಏಳನೇ ಕೋಣೆಯ ಗುದ್ರುನ್ ಮಾತ್ರ ನಿಧಾನ.
ಲಕ್ವ ಹೊಡೆದ ಮೇಲೆ
ಒಂದೊಂದು ಶಬ್ದಕ್ಕೂ ತಡಕಾಡುತ್ತಾಳೆ,
ಕತ್ತಲಲ್ಲಿ ಕನ್ನಡಕ ಹುಡುಕುವ ಹಾಗೆ.
"ವಿನ್..." ಅಂದು ನಿಲ್ಲುತ್ತಾಳೆ.
ನಾನು ಕಿಟಕಿ ತೆರೆಯುತ್ತೇನೆ.
"...ದು."
ಕಡಲಗಾಳಿ ಒಳಗೆ ಬಂದಮೇಲೆ ಮುಗಿಸುತ್ತಾಳೆ.

ಭಾನುವಾರ ಮಗಳು ತೋವೆ ಬಂದಳು,
ಕೋಟು ಬಿಚ್ಚದೆ, ಗಡಿಯಾರ ನೋಡುತ್ತ
ಪಟಪಟ ಮಾತು.
ಅದೇ ವಾಕ್ಯ ಅಂದೆ.
"ಅಯ್ಯೋ, ನಿಮಗೆ ತಿಳೀಲಿಲ್ವಾ?"
"ನನಗಲ್ಲ," ಅಂದೆ,
ಗುದ್ರುನಳ ಹೊದಿಕೆ ಸರಿಮಾಡುತ್ತ.