ಜೊಂಡು ಸೀಳುವ ತಿಂಗಳು

ಹೊರಗೆ ಸೊಂಟದೆತ್ತರ ಹಿಮ.
ಸೇಬಿನ ಮರಗಳು ಮೊಣಕಾಲು ಮಡಚಿ ಕೂತ ಹಾಗಿವೆ.
ಹಿರೋಸಾಕಿಯ ಬಸ್ಸು ಇವತ್ತೂ ಬರಲಿಲ್ಲ.
ಕಳೆದ ವರ್ಷ ಸವರಿದ ಕೊಂಬೆಗಳನ್ನು ಒಲೆಗೆ ತುರುಕಿ
ಹಳೇ ಪೇಪರು ಹಾಸಿ
ನಾನೂ ಮೊಮ್ಮಗಳು ಚಿಹೋಳೂ
ಜೊಂಡಿನ ಕಟ್ಟು ಬಿಚ್ಚುತ್ತೇವೆ.

ಚಾಕು ಒತ್ತಿದರೆ ಸಾಕು, ಟಪ್ಪೆಂದು ಎರಡು ಹೋಳು.
ಒಳಗೆ ಸಾಲುಮನೆ:
ಕೋಣೆ, ಮಣ್ಣಿನ ಗೋಡೆ,
ಕೋಣೆ, ಮಣ್ಣಿನ ಗೋಡೆ,
ಕೋಣೆಗೊಂದು ಕಂದು ಗೂಡು, ಗೂಡಿಗೊಂದು ನಿದ್ದೆ.
ಈ ಜೇನಿಗೆ ರಾಣಿಯಿಲ್ಲ, ದಂಡಿಲ್ಲ, ಮೇಣವಿಲ್ಲ, ತುಪ್ಪವಿಲ್ಲ.
ಒಬ್ಬಳೇ ತಾಯಿ.
ಹೂ ಬಿಟ್ಟ ಅಷ್ಟು ದಿನ
ಕಾಲುವೆಯಂಚಿನ ಕೆಸರು ಹೊತ್ತು, ಹೂವಿನ ಹಿಟ್ಟು ಹೊತ್ತು
ಕಟ್ಟಿ, ತುಂಬಿ, ಇಟ್ಟು, ಮುಚ್ಚಿ
ಸತ್ತಳು.
ಮಕ್ಕಳ ಮುಖ ನೋಡಲಿಲ್ಲ.

ಎಲ್ಲ ಜೊಂಡೂ ಹೀಗಿರುವುದಿಲ್ಲ.

ಮೂರನೆಯದರಲ್ಲಿ ಗೂಡೇ ಇಲ್ಲ.
ಕೋಣೆ ತುಂಬ ರವೆ ಚೆಲ್ಲಿದ ಹಾಗೆ,
ನೋಡನೋಡುತ್ತ ರವೆ ನಡೆಯುತ್ತದೆ.
ನುಸಿ, ಅಂದೆ. ಊದಬೇಡ.
ತಾಯಿಯ ಎದೆಯ ರೋಮ ಹಿಡಿದು ಬಂದವು.
ಅವಳೇ ಹೊತ್ತು ತಂದಳು,
ಅವಳೇ ಬಾಗಿಲು ಮೆತ್ತಿದಳು, ಎರಡು ಸಲ ಸವರಿ, ಭದ್ರವಾಗಿ,
ಕಳ್ಳರನ್ನು ಒಳಗಿಟ್ಟು.

ಏಳನೆಯದರಲ್ಲಿ ಗೂಡಿದೆ. ತೂಕ ಮಾತ್ರ ಸುಳ್ಳು ಹೇಳುತ್ತದೆ.
ಕತ್ತರಿಯ ತುದಿಯಿಂದ ಬಿಡಿಸಿದರೆ
ನುಚ್ಚಕ್ಕಿಯಂಥ ಬಿಳಿ ಹುಳುಗಳು, ಒತ್ತೊತ್ತಾಗಿ,
ನಡುವೆ ಒಂದು ಖಾಲಿ ಸಿಪ್ಪೆ.
ಇದರ ತಾಯಿ ಜೀರಿಗೆಯಷ್ಟಿರುವ ಹಸಿರು ಕಣಜ.
ಬಿರುಕಿನಲ್ಲಿ ನುಸುಳಿ
ರೇಷ್ಮೆಯ ಮೇಲೆ ಮೀಸೆ ಆಡಿಸಿ
ಉದ್ದನೆಯ ಸೂಜಿ ಇಳಿಸಿ ಹೋಗಿದ್ದಾಳೆ.
ಅವಳೂ ಮಕ್ಕಳ ಮುಖ ನೋಡಲಿಲ್ಲ.

ಚಿಹೋ ಎಣಿಸಿದಳು. ಹನ್ನೊಂದು.
ಹನ್ನೊಂದೂ ಅಕ್ಕತಂಗಿಯರಾ?
ಒಂದೆರಡು ಗಂಡಿರಬಹುದು, ಅಂದೆ.
ನನಗೆ ಬೇರೇನೂ ಹೊಳೆಯಲಿಲ್ಲ.

ನನ್ನ ಮಾವ ಯೋಸಾಬುರೋ
ಹೊಸ ವರ್ಷದ ಊಟಕ್ಕೆ ಹೋದವರ ಮನೆಯ
ಹುಲ್ಲುಮಾಡಿನ ಅಂಚಿನಲ್ಲಿ ಮಣ್ಣು ಮೆತ್ತಿದ ಜೊಂಡು ಕಂಡನಂತೆ.
ಹೊಟ್ಟೆ ತುಂಬ ಉಂಡು, ಕತ್ತಲಾದ ಮೇಲೆ
ಒಂದು ಹಿಡಿ ಕಿತ್ತು ತೋಳಿನೊಳಗಿಟ್ಟು ತಂದನಂತೆ.
ಉಂಡ ಮನೆಯ ಗಳ ಹಿರಿಯುವುದು ಅಂದರೆ
ನಮ್ಮಲ್ಲಿ ಬರೀ ಮಾತಲ್ಲ.
ಆ ಹಿಡಿಯಿಂದಲೇ ಈ ತೋಟ,
ಈ ಮನೆಯ ಹೆಂಚು, ನನ್ನ ಮದುವೆಯ ರೇಷ್ಮೆ,
ಚಿಹೋಳ ಹಲ್ಲಿಗೆ ಹಾಕಿಸಿದ ತಂತಿ.

ಮಾಡಿನ ಮೂಲೆಯಲ್ಲಿ ಒಂಟಿಯಾಗಿದ್ದವಳಿಗೆ
ಸಾವಿರ ಜೊಂಡಿನ ಓಣಿ ಕೊಟ್ಟೆವು.
ಬಾಗಿಲಿಗೆ ಬಾಗಿಲು ತಾಗಿಸಿ ಕೊಟ್ಟೆವು.
ನುಸಿಗೂ ಕಣಜಕ್ಕೂ
ಮನೆ ಹುಡುಕುವ ಕಷ್ಟ ತಪ್ಪಿತು.
ಈಗ ಪ್ರತಿ ಚಳಿಗಾಲ ನಾನು ಚಾಕು ಹಿಡಿದು ಕೂತು
ಹಿರಿಯುತ್ತೇನೆ ಗಳ, ಒಂದೊಂದಾಗಿ.
ಕಾಯುವವಳೋ, ಕದಿಯುವವಳೋ.
ಜೊಂಡಿನ ಒಳಗಿನಿಂದ ನೋಡಿದರೆ ಚಾಕು ಒಂದೇ.

ಸಂಜೆಗೆ ಒಳ್ಳೆಯ ಗೂಡುಗಳನ್ನು
ತಣ್ಣೀರಲ್ಲಿ ತೊಳೆದು ಜರಡಿಯಲ್ಲಿ ಹರವಿದೆ.
ನುಸಿಯ ಜೊಂಡು ಒಲೆಗೆ ಹೋಯಿತು,
ಚಿಟಿಚಿಟಿ ಎಂದಿತು, ನಿಂತಿತು.
ಎಣಿಸಿ ನೋಡಿದರೆ ಕೆಟ್ಟ ಗೂಡು ಒಂದು ಕಡಿಮೆ.

ಕೇಳಲಿಲ್ಲ.
ಪಾತ್ರೆ ತೊಳೆಯುವಾಗ ಕಂಡಿತು,
ಕಿಟಕಿಯ ಮೇಲೆ, ಖಾಲಿ ಉಪ್ಪಿನಕಾಯಿ ಬಾಟಲಿ,
ಬಾಯಿಗೆ ಬಿಗಿದು ಕಟ್ಟಿದ ಕಾಲುಚೀಲದ ಬಟ್ಟೆ,
ಚೀಟಿಯ ಮೇಲೆ ಅವಳ ದುಂಡನೆಯ ಅಕ್ಷರ:
ಅಕ್ಕತಂಗಿಯರು. ಒಂದೆರಡು ಗಂಡು.

ಹಿಮದ ಬೆಳಕು ಗಾಜಿನ ಮೇಲೆ ಬೀಳುತ್ತಿತ್ತು.
ಬಾಟಲಿಯನ್ನು ಬೆಚ್ಚನೆಯ ಒಲೆಯಿಂದ
ಇನ್ನೊಂದು ಗೇಣು ದೂರ ಸರಿಸಿ
ಬಟ್ಟೆಯ ಗಂಟು
ಸರಿಯಾಗಿದೆಯೋ ನೋಡಿದೆ.